ಹಳದಿ-ಕೆಂಪು ಪಡೆ

ಆಟಕ್ಕೆ ಹೊಸಬರು ಯಾರೇ ಬರಲಿ, ನಾನು ಮೊದಲು ಕೇಳೋದು ಒಂದೇ ಮಾತು: ನಿಮಗೆ ಸಿಟ್ಟು ಬಂದ್ರೆ ಏನ್ಮಾಡ್ತೀರಿ? ಥಟ್ ಅಂತ ಕೈ ಎತ್ತೋರಿಗೆ ತೋಳದ ಪಡೆ. ಬಾಗಿಲು ಹಾಕ್ಕೊಂಡು ಒಳಗೆ ಕೂತು ಹಲ್ಲು ಕಡಿಯೋರಿಗೆ ಕರಿಕೋಟೆ. ವರ್ಷಗಟ್ಟಲೆ ಮನಸ್ಸಲ್ಲೇ ಇಟ್ಕೊಂಡಿದ್ದು ಒಂದಿನ ಎಲ್ಲಾನೂ ತುಳಿದು ಹಾಕೋ ಜನಕ್ಕೆ ಆನೆ ಪಡೆ. ಕತ್ತಿ ನೋಡಿ, ಕುದುರೆ ನೋಡಿ, ಬಣ್ಣ ನೋಡಿ ಪಡೆ ಆರಿಸೋರು ಅರ್ಧ ಗಂಟೇಲಿ ಹೆಣ ಎಣಿಸ್ತಾ ಕೂತಿರ್ತಾರೆ. ಹೇಳಿದ್ರೆ ಕೇಳಲ್ಲ. ಕೇಳದಿದ್ರೆ ಸಾಯ್ಲಿ, ನನಗೇನು.

ನಾನು ಶೋಭಾರಾಣಿ. ನನ್ನ ಗೇಮ್ ಸೆಂಟರ್ ಇದ್ದಿದ್ದು ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆ ತಿರುಗೋ ರೋಡಲ್ಲಿ, ನಮ್ಮಪ್ಪ ರಾಮಾಂಜಿನಪ್ಪ ರಾಗಿ ಹೊಲದಲ್ಲಿ ಎಬ್ಬಿಸಿದ ಬಿಲ್ಡಿಂಗಿನ ಕೆಳಗಡೆ. ಮೇಲೆಲ್ಲಾ ಬಾಡಿಗೆ ರೂಮುಗಳು. ಕೊಪ್ಪಳ, ಯಾದಗಿರಿ ಕಡೆಯಿಂದ ಫ್ಯಾಕ್ಟರಿಗೆ, ಕಟ್ಟಡದ ಕೆಲಸಕ್ಕೆ ಬಂದವರೇ ತುಂಬಿದಾರೆ. ನಾನು ಗಂಡನ ಮನೆ ಬಿಟ್ಟು ಬಂದವಳು. ಅವನಿಗೆ ಕೈ ಮುಂದೆ, ನನಗೆ ಬಾಯಿ ಮುಂದೆ, ಹೊಂದಲಿಲ್ಲ. ವಾಪಸ್ ಬಂದ ಮಗಳಿಗೆ ನಮ್ಮೂರಲ್ಲಿ ಇರೋದು ಒಂದೇ ಜಾಗ, ಅಡುಗೆಮನೆ ಮೂಲೆ. ಈರುಳ್ಳಿ ಹೆಚ್ಚು, ನೆಂಟರು ಬಂದ್ರೆ ಒಳಗೋಗು. ಎರಡು ವರ್ಷ ಹಾಗೇ ಬಿದ್ದಿದ್ದೆ. ಆಮೇಲೆ ಅಪ್ಪನ ಕಾಲು ಕೈ ಹಿಡಿದು ಈ ಅಂಗಡಿ ಹಾಕಿದೆ. ಕೌಂಟರ್ ಹಿಂದೆ ನನ್ನದೇ ಒಂದು ಕುರ್ಚಿ. ಆ ಕುರ್ಚೀಲಿ ಕೂತರೆ ನನ್ನ ‘ವಾಪಸ್ ಬಂದವಳು’ ಅಂತ ಯಾರೂ ಅನ್ನಲ್ಲ, ‘ಅಕ್ಕ, ಇನ್ನೊಂದ್ ಗಂಟೆ ಕೊಡಿ’ ಅಂತಾರೆ. ಅಷ್ಟೇ ಸಾಕಿತ್ತು ನನಗೆ. ಅಷ್ಟಕ್ಕೋಸ್ಕರ ಜೀವ ಬೇಕಾದ್ರೂ ಕೊಡ್ತಿದ್ದೆ.

ಆಟದ ಹೆಸರು ಇಂಗ್ಲಿಷಲ್ಲಿ ಏನೋ ಉದ್ದಕ್ಕಿದೆ, ನಮ್ಮ ಹುಡುಗರು ‘ರಣ’ ಅಂತಾರೆ. ಇಬ್ಬರು ಎದುರುಬದುರು. ಒಬ್ಬೊಬ್ಬರಿಗೆ ಒಂದು ಊರು, ಒಂದು ಕೋಟೆ, ಒಂದು ಪಡೆ. ಕಣಜಕ್ಕೆ ಬೆಂಕಿ ಇಡಬಹುದು, ಬಾವಿಗೆ ಹೆಣ ಎಸೀಬಹುದು, ಓಡೋರ ಬೆನ್ನಿಗೆ ಈಟಿ ಹಾಕಬಹುದು. ಆದ್ರೆ ಗೆಲ್ಲೋಕೆ ಒಂದೇ ದಾರಿ: ಎದುರಾಳಿ ಕೋಟೆ ಮೇಲಿನ ಬಾವುಟಕ್ಕೆ ಕೈಯಾರೆ ಬೆಂಕಿ ಇಡಬೇಕು. ಅದು ಪೂರ್ತಿ ಉರಿದು ಬೀಳೋವರೆಗೂ ಆಟ ಮುಗಿಯಲ್ಲ. ಇನ್ನೊಂದು, ಒಂದು ಪಡೆ ಒಬ್ಬರಿಗೆ ಮಾತ್ರ. ಮೊದಲು ಯಾರು ಒತ್ತಿದ್ರೋ ಅವರದ್ದು.

ಈಗ ಗ್ರಹಚಾರ ನೋಡಿ. ಯಾವ ದೇಶದವನು ಮಾಡಿದ ಆಟವೋ, ಆನೆ ಪಡೆಯ ಬಾವುಟ ಮೇಲೆ ಹಳದಿ, ಕೆಳಗೆ ಕೆಂಪು. ಥೇಟ್ ನಮ್ಮ ಕನ್ನಡ ಬಾವುಟ. ನನ್ನ ತಮ್ಮ ಲೋಕೇಶ್ ಊರಿನ ಯುವಕರ ಸಂಘದ ಅಧ್ಯಕ್ಷ. ಅವನು ಅದನ್ನ ನೋಡಿದ ದಿನವೇ ‘ಇದು ನಮ್ಮ ಪಡೆ’ ಅಂದ್ಬಿಟ್ಟ. ಅವತ್ತಿಂದ ಸಂಘದವರು ಬಿಟ್ಟು ಬೇರೆಯವರು ಮುಟ್ಟೋ ಹಾಗಿಲ್ಲ. ಬಾಡಿಗೆ ರೂಮಿನ ಹುಡುಗರು ತೋಳ ತಗೋಬೇಕು, ಇಲ್ಲ ಕರಿಕೋಟೆ. ಚೆನ್ನಾಗಿ ಆಡಿ ಗೆಲ್ಲೋ ಹಂತಕ್ಕೆ ಬಂದ್ರೂ ಬಾವುಟಕ್ಕೆ ಬೆಂಕಿ ಇಡದೆ ‘ಸೋತ್ವಿ ಅಣ್ಣ’ ಅಂತ ಎದ್ದು ಹೋಗಬೇಕು. ಆ ಬಾವುಟ ಸುಡೋದುಂಟೇ? ಹೀಗಾಗಿ ನಮ್ಮ ಲೋಕೇಶ ಊರಿಗೆ ಚಾಂಪಿಯನ್. ಕೋತಿಗೆ ಹೆಂಡ ಕುಡಿಸಿದ ಹಾಗೆ ಕುಣೀತಿದ್ದ.

ಒಂದ್ಸಲ ಯಾದಗಿರಿ ಹುಡುಗ ಒಬ್ಬ, ಪದ್ಧತಿ ಗೊತ್ತಿಲ್ಲದವನು, ನಿಜವಾಗ್ಲೂ ಸುಟ್ಟುಬಿಟ್ಟ. ಲೋಕೇಶ ಹೆಲ್ಮೆಟ್ ತಗೊಂಡು ಅವನ ಬಾಯಿಗೆ ಹೊಡೆದ. ಹಲ್ಲು ಎರಡು ನೆಲಕ್ಕೆ ಬಿತ್ತು, ಟೈಲ್ಸ್ ತುಂಬಾ ರಕ್ತ, ನಾನೇ ಒರೆಸಿದ್ದು. ಅಪ್ಪ ಸ್ಟೇಷನ್ನಲ್ಲಿ ಕೈಮುಗಿದು ಮಗನ್ನ ಬಿಡಿಸ್ಕೊಂಡು ಬಂದು ಅಂಗಡಿ ಬಾಗಿಲಲ್ಲಿ ನಿಂತು ಹೇಳಿದ, “ಇನ್ನೊಂದ್ ಕಿತ ಈ ನೆಲದ್ ಮ್ಯಾಲೆ ನಮ್ಮನೆಯೋರ್ ಕೈಯಿಂದ ನೆತ್ರು ಬಿತ್ತೋ, ಅವತ್ತೇ ಶಟರ್ ಎಳ್ದು ಕೋಳಿ ಅಂಗ್ಡಿಯೋನಿಗ್ ಕೊಟ್ಬಿಡ್ತೀನಿ. ಆಮ್ಯಾಕೆ ನನ್ ಮುಂದೆ ಅಳ್ಬೇಡ ಶೋಭಾ.” ಹೊಡೆದವನು ಮಗ, ಅಂಗಡಿ ಹೋಗೋದು ಮಗಳದ್ದು. ನಮ್ಮನೆ ನ್ಯಾಯ ಯಾವತ್ತೂ ಹೀಗೇನೇ. ಆದ್ರೆ ಅಪ್ಪ ಆಡಿದ ಮಾತು ತಪ್ಪಲ್ಲ, ಅದು ನನಗೆ ಗೊತ್ತಿತ್ತು.

ನವೆಂಬರ್ ತಿಂಗಳು. ನಮ್ಮ ಕಡೆ ರಾಜ್ಯೋತ್ಸವ ಒಂದನೇ ತಾರೀಕು ಶುರುವಾದ್ರೆ ತಿಂಗಳು ಪೂರ್ತಿ ಮುಗಿಯಲ್ಲ. ಬೀದಿಗೊಂದು ಪೆಂಡಾಲು, ಕಂಬಕ್ಕೊಂದು ಬಾವುಟ, ಕಿವಿ ಕಿತ್ತುಹೋಗೋ ಸ್ಪೀಕರ್ರು. ಅವತ್ತು ಭಾನುವಾರ ಮಧ್ಯಾಹ್ನ ದಾನೇಶ್ವರಿ ಬಂದ್ಲು. ಕುಷ್ಟಗಿ ಕಡೆಯ ಹುಡುಗಿ, ಎರಡನೇ ಫ್ಲೋರಿನ ರೂಮಲ್ಲಿ ಅಣ್ಣ ಸಿದ್ರಾಮನ ಜೊತೆ ಇದ್ದಾಳೆ. ಅವನು ಕಂಬಿ ಕಟ್ಟೋ ಕೆಲಸ, ಇವಳು ಗಾಡಿಗಳ ವೈರ್ ಕಟ್ಟೋ ಫ್ಯಾಕ್ಟರಿ ಲೈನು. ರಜಾ ದಿನ ಬಂದು ಬಾಗಿಲ ಹತ್ರ ನಿಂತು ಆಟ ನೋಡ್ತಿದ್ಲು, ಕೂತಿರಲಿಲ್ಲ.

“ಅಕ್ಕಾರ, ಇವತ್ತ ನಾನೂ ಕೂಡತೀನ್ರಿ. ಯಾವ ಪಡೆ ತಗೊಳ್ಲಿ?”

“ಸಿಟ್ಟು ಬಂದ್ರೆ ಏನ್ಮಾಡ್ತೀಯ ನೀನು?”

“ನನಗ ಸಿಟ್ಟು ಬರಂಗಿಲ್ರಿ.”

“ಸುಳ್ಳು ಬೊಗಳ್ಬೇಡ. ಲೈನಲ್ಲಿ ಸೂಪರ್ವೈಸರ್ ಬೈದ್ರೆ?”

“ಮನಸಿನ್ಯಾಗ ಇಟ್ಕೊಂತೀನ್ರಿ.”

“ಎಷ್ಟು ದಿನ?”

“ಇನ್ನಾ ಒಂದೂ ಹೊರಗ ಬಂದಿಲ್ರಿ” ಅಂತ ನಕ್ಕಳು.

ಥೇಟ್ ಆನೆ ಪಡೆಯವಳು, ಒಳ್ಳೆ ಕಥೆಯಾಯ್ತಲ್ಲ ಅನ್ಕೊಂಡೆ. ಆದ್ರೂ ಹೊಸಬಳು ಅಂತ ಬುದ್ಧಿ ಹೇಳಿದೆ. ನೋಡು, ಕರಿಕೋಟೆ ತಗೋ. ಗೋಡೆ ಕಟ್ಕೋ, ಮೇಲಿಂದ ಕಾದ ಎಣ್ಣೆ ಸುರಿ, ಬಂದವರು ಚರ್ಮ ಸುಲಿದುಕೊಂಡು ಸಾಯ್ತಾರೆ, ನಿನಗೆ ಕಲಿಯೋಕೆ ಟೈಮ್ ಸಿಗುತ್ತೆ. ತೋಳ ಬೇಡ, ಕೈ ಸ್ಪೀಡಿರಬೇಕು, ಮೊದಲೇ ಹೋಗಿ ಕಚ್ಚದಿದ್ರೆ ಸತ್ತೆ. ಆನೆ ಅಂತೂ ಬೇಡವೇ ಬೇಡ. ಲಾಯದಲ್ಲಿ ಆನೆಗಳು ಬೆಳೆಯೋಕೆ ಹೊತ್ತು ಹಿಡಿಯುತ್ತೆ, ಅಲ್ಲೀವರೆಗೂ ನಿನ್ನ ಹತ್ರ ಇರೋದು ಕೋಲು ಹಿಡಿದ ಬಡಪಾಯಿಗಳು ಮಾತ್ರ. ಆನೆ ಹೊರಗೆ ಬಂತೋ, ಆಮೇಲೆ ದೇವರೇ ಬಂದ್ರೂ ತಡೆಯಲ್ಲ. ಆದ್ರೆ ಹೊಸಬರು ಅಲ್ಲೀತನಕ ಉಳಿಯಲ್ಲ.

ಅವಳು ನನ್ನ ಮಾತು ಕೇಳಿಸ್ಕೊಂಡಳೋ ಇಲ್ಲವೋ. ಸ್ಕ್ರೀನಲ್ಲಿ ಮೂರು ಬಾವುಟ ಬಂದ ಕೂಡಲೇ ಮುಖ ಅರಳ್ತು. “ಇದು ನಮ್ಮ ಬಾವುಟ ಐತಲ್ರೀ ಅಕ್ಕಾರ!” ಅಂದವಳೇ ಒತ್ತಿಬಿಟ್ಲು. ಎಲ್ಲಾ ಹೊಸಬರ ಹಾಗೆ ಬಣ್ಣ ನೋಡಿ ಆರಿಸಿದ್ಲು, ಪಾಪದವಳು. ನಾನು ತಡೀಲಿಲ್ಲ. ಯಾಕೆ ತಡೀಲಿ? ಕುಷ್ಟಗಿ ಏನು ಕರ್ನಾಟಕದಲ್ಲಿಲ್ವಾ?

ಅಷ್ಟರಲ್ಲಿ ಲೋಕೇಶ ಸಂಘದ ನಾಲ್ಕೈದು ಹುಡುಗರ ಜೊತೆ ಬಂದು ಎದುರು ಮೆಷೀನಲ್ಲಿ ಕೂತ. ಸ್ಕ್ರೀನ್ ನೋಡಿ ಉರಿದುಬಿದ್ದ.

“ಏಯ್, ನಮ್ ಪಡೆ ಯಾರೋ ಒತ್ತಿದ್ದು?” ದಾನೇಶ್ವರೀನ ನೋಡಿದ. “ಏನಮ್ಮಾ, ಅದು ನಮ್ದು. ಬಿಡು, ಬೇರೆ ತಗೋ.”

“ನಮ್ದೂ ಅದ ಬಾವುಟ ಅಲ್ರೀ ಅಣ್ಣಾರ.”

ಹುಡುಗರು ಬಿದ್ದು ಬಿದ್ದು ನಕ್ಕರು. ಲೋಕೇಶ ಹೇಳಿದ, “ಫಸ್ಟು ಕನ್ನಡ ನೆಟ್ಟಗೆ ಮಾತಾಡೋದ್ ಕಲ್ತ್ಕೋ. ಆಮೇಲೆ ಬಾವುಟ.”

ನನ್ನ ಮೈಯೆಲ್ಲಾ ಉರಿದುಹೋಯ್ತು. ನಮ್ಮಪ್ಪ ‘ಒಡ್ದ, ಒಂಟೋದ’ ಅಂದ್ರೆ ಅದು ಕನ್ನಡ, ಈ ಹುಡುಗಿ ಬಾಯಲ್ಲಿ ಬಂದ್ರೆ ಅಲ್ವಂತೆ. “ಮೊದಲು ಒತ್ತಿದವರದ್ದು, ಲೋಕಿ. ಇದು ನನ್ನ ಅಂಗಡಿ. ಆಡೋದಾದ್ರೆ ಆಡು, ಇಲ್ಲಾಂದ್ರೆ ಎದ್ದು ನಡಿ” ಅಂದೆ.

ಹುಡುಗರ ಮುಂದೆ ಅಕ್ಕನ ಕೈಲಿ ಅನ್ನಿಸ್ಕೊಂಡ್ರೆ ಗಂಡಸು ಸುಮ್ಮನಿರ್ತಾನಾ? “ಆಯ್ತು. ತೋಳ ತಗೋತೀನಿ. ಹರಿದ್ ಹಾಕ್ತೀನಿ ನೋಡ್ತಿರು. ಮಗಾ, ವಿಡಿಯೋ ಮಾಡೋ, ಸಂಘದ ಗ್ರೂಪಲ್ಲಿ ಎಲ್ರೂ ನೋಡ್ಲಿ.” ಒಬ್ಬ ಫೋನ್ ಎತ್ತಿ ಹಿಡಿದ.

ಹರಿದೇ ಹಾಕ್ದ. ಆಟ ಶುರುವಾಗಿ ಕಣ್ಣು ಮಿಟುಕಿಸೋದರೊಳಗೆ ತೋಳದ ಸವಾರರು ಅವಳ ಹೊಲಕ್ಕೆ ನುಗ್ಗಿದ್ರು. ಕುಯ್ಲು ಮಾಡ್ತಿದ್ದವರ ಗಂಟಲಿಗೇ ತೋಳ ಬಾಯಿ ಹಾಕ್ತು. ಕಣಜ ಉರೀತು. ಕೋಲು ಹಿಡಿದವರು ಸಾಲಾಗಿ ನಿಂತ್ರು, ಸಾಲಾಗಿ ಸತ್ತರು. ದಾನೇಶ್ವರಿ ಹೊಸಬರು ಮಾಡೋ ತಪ್ಪನ್ನೆಲ್ಲಾ ಮಾಡಿದ್ಲು. ಗಾಯ ಆದವರನ್ನ ಹಿಂದಕ್ಕೆ ಕರೀಲಿಲ್ಲ, ಬಾಗಿಲು ತೆಗೆದೇ ಇಟ್ಲು, ಓಡಿ ಬರ್ತಿದ್ದ ಹೆಂಗಸರನ್ನ ತೋಳದ ಬಾಯಿಗೇ ಕಳಿಸಿದ್ಲು. ಒಂದು ಮಾತ್ರ ಸರಿ ಮಾಡಿದ್ಲು. ಇದ್ದಬದ್ದ ಕಾಳೆಲ್ಲಾ ಆನೆ ಲಾಯಕ್ಕೆ ಸುರಿದಿದ್ಲು. ನಾನು ಹಿಂದೆ ನಿಂತು “ಕೋಟೆ ಬಾಗಿಲು ಹಾಕೇ, ಬಾಗಿಲು!” ಅಂತ ಕಿರುಚ್ತಿದ್ದೆ. ಹಾಕಿದ್ಲು. ಹೊರಗೆ ಉಳಿದವರ ಕೈಕಾಲು ತೋಳಗಳು ಎಳೆದಾಡ್ತಿದ್ವು. ಲೋಕೇಶ ಕೇಕೆ ಹಾಕ್ತಿದ್ದ, “ಎಲ್ಲಮ್ಮಾ ನಿನ್ ಜನ? ಹೊಟ್ಟೆ ಬಗೀತಾವ್ರೆ ನೋಡು!”

ತೋಳಗಳು ಗೋಡೆ ಹತ್ತಿದ್ವು. ಬಾವುಟದ ಕಂಬದ ಸುತ್ತ ಇದ್ದ ಕಾವಲಿನವರನ್ನ ಕಿತ್ತು ಹಾಕಿದ್ವು. ಕಂಬ ಒಂದೇ ನಿಂತಿತ್ತು, ಮೇಲೆ ಹಳದಿ-ಕೆಂಪು ಬಾವುಟ ಪಟಪಟ ಅಂತಿತ್ತು. ಸ್ಕ್ರೀನ್ ಮಧ್ಯ ಪಂಜಿನ ಗುರುತು ಬಂತು. ಒತ್ತಿದ್ರೆ ಬೆಂಕಿ, ಆಟ ಮುಗೀತು.

ಲೋಕೇಶನ ಬೆರಳು ಮೌಸ್ ಮೇಲೇ ನಿಂತುಹೋಯ್ತು.

ವಿಡಿಯೋ ಮಾಡ್ತಿದ್ದವನು ಮೆಲ್ಲಗೆ ಹೇಳಿದ, “ಗುರು, ಸುಡ್ಬೇಡ ಗುರು. ಲೈವ್ ಹೋಗ್ತೈತೆ. ಸಂಘದೋರೆಲ್ಲಾ ನೋಡ್ತಾವ್ರೆ. ನವೆಂಬರ್ ಬೇರೆ.”

ಆಗ ಹೊಳೀತು ಅವನಿಗೆ. ನಮ್ಮ ಅಧ್ಯಕ್ಷರು, ಬೀದಿ ತುಂಬಾ ಬಾವುಟ ಕಟ್ಟಿಸಿದವರು, ಅದೇ ಬಣ್ಣದ ಬಾವುಟಕ್ಕೆ ತಮ್ಮ ಕೈಯಾರೆ ಬೆಂಕಿ ಇಡಬೇಕು. ಇಡದಿದ್ರೆ ಗೆಲುವಿಲ್ಲ. ಇಂಗು ತಿಂದ ಮಂಗನ ಹಾಗೆ ಕೂತಿದ್ದ.

“ಏಯ್, ಸೋತೆ ಅಂತ ಒತ್ತಮ್ಮಾ ನೀನು. ಮುಗೀತಲ್ಲ” ಅಂದ.

“ಮುಗಿದಿಲ್ರೀ ಅಣ್ಣಾರ” ಅಂದ್ಲು ದಾನೇಶ್ವರಿ. ತಲೆ ಎತ್ತಲಿಲ್ಲ. “ಬಾವುಟ ಇನ್ನಾ ಐತಲ್ರಿ.”

“ಒತ್ತೇ ಅಂದ್ರೆ!”

ಅವಳು ಒತ್ತಲಿಲ್ಲ, ಇವನು ಸುಡಲಿಲ್ಲ. ತೋಳಗಳು ಕಂಬದ ಸುತ್ತ ಸುಮ್ಮನೆ ಸುತ್ತುತ್ತಿದ್ವು. ಆ ಹೊತ್ತಲ್ಲಿ ಲಾಯದ ಬಾಗಿಲು ಮುರಿದುಕೊಂಡು ಮೊದಲನೇ ಆನೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅಯ್ಯೋ ದೇವರೇ, ಆ ಕೋಟೆ ಒಳಗಿನ ಇಕ್ಕಟ್ಟಲ್ಲಿ ತೋಳಗಳಿಗೆ ಓಡೋಕೂ ಜಾಗ ಇರಲಿಲ್ಲ. ಆನೆಗಳು ತುಳಿದ್ವು. ಸೊಂಡಿಲಲ್ಲಿ ಸವಾರರನ್ನ ಎತ್ತಿ ಗೋಡೆಗೆ ಬಡಿದ್ವು. ಮೂಳೆ ಮುರಿಯೋ ಸದ್ದು ನನ್ನ ಹೊಸ ಸ್ಪೀಕರಲ್ಲಿ ಚೆನ್ನಾಗೇ ಕೇಳಿಸ್ತು. ದಾನೇಶ್ವರಿ ಅಲ್ಲಿಗೇ ನಿಲ್ಲಿಸಲಿಲ್ಲ. ಆನೆಗಳನ್ನ ಬಯಲು ದಾಟಿಸಿ ಅವನೂರಿಗೆ ನುಗ್ಗಿಸಿದ್ಲು. ಮನೆ, ಕೊಟ್ಟಿಗೆ, ಜನ, ಒಂದೂ ಬಿಡಲಿಲ್ಲ. ತುಟಿ ಕಚ್ಕೊಂಡು, ಕಣ್ಣಲ್ಲಿ ನೀರು ತುಂಬ್ಕೊಂಡು ತುಳಿಸಿದ್ಲು. ಒಳಗಿಟ್ಟುಕೊಂಡಿದ್ದೆಲ್ಲಾ ಅವತ್ತು ಹೊರಗೆ ಬಂತು. ತೋಳದ ಬಾವುಟಕ್ಕೆ ಬೆಂಕಿ ಇಟ್ಟಾಗ ನಾನು ಚಪ್ಪಾಳೆ ಹೊಡೆದೆ. ಖುಷಿಯಾಯ್ತು ಕಣ್ರೀ. ಯಾಕೆ ಮುಚ್ಚಿಡ್ಲಿ?

“ಮೌಸ್ ಸ್ಟಕ್ ಆಗೋಯ್ತು” ಅಂದ ಲೋಕೇಶ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಅಂದೆ ನಾನು. ಅವನ ಹುಡುಗರಲ್ಲೇ ಒಬ್ಬ ಕಿಸಕ್ಕಂತ ನಕ್ಕುಬಿಟ್ಟ.

ಆ ನಗು ಸಾಕಾಯ್ತು. ಲೋಕೇಶ “ಆಫ್ ಮಾಡೋ ವಿಡಿಯೋನ!” ಅಂತ ಕುರ್ಚಿ ಒದ್ದು ಎದ್ದ. ಮೇಜು ಸುತ್ತಿಕೊಂಡು ಬಂದು ದಾನೇಶ್ವರಿಯ ಜಡೆ ಹಿಡಿದು ಹಿಂದಕ್ಕೆಳೆದ. ಕುರ್ಚಿ ಸಮೇತ ಬಿದ್ದಳು. ಹೊಟ್ಟೆಗೆ ಒದ್ದ. ಅವಳ ಕಿವಿಯಲ್ಲಿದ್ದ ಹೆಡ್‌ಫೋನ್ ವೈರು ಕೈಗೆ ಸಿಕ್ಕಿತು, ಅದನ್ನೇ ಅವಳ ಕುತ್ತಿಗೆಗೆ ಸುತ್ತಿ ಮೊಣಕಾಲು ಬೆನ್ನಿಗೆ ಕೊಟ್ಟು ಎಳೆದ. “ನಿಮ್ ಬಾವುಟಾನಾ? ಹೇಳೇ ಈಗ, ನಿಮ್ ಬಾವುಟಾನಾ?” ಅವಳು ಕಾಲು ಬಡೀತಿದ್ಲು. ಬಾಯಿಂದ ಗೊರಗೊರ ಸದ್ದು ಬಿಟ್ರೆ ಏನೂ ಇಲ್ಲ.

ನಾನು ಅವನ ಭುಜ ಹಿಡಿದು ಜಗ್ಗಿದೆ. ಮೊಣಕೈಯಿಂದ ನನ್ನ ಎದೆಗೆ ಗುದ್ದಿದ, ಕೌಂಟರಿಗೆ ಹೋಗಿ ಬಿದ್ದೆ. ಗಲಾಟೆ ಕೇಳಿ ಸಿದ್ರಾಮ ಮೇಲಿಂದ ಬರಿಗಾಲಲ್ಲಿ ಓಡಿಬಂದ. “ಏ ಬಿಡಲೇ, ನನ್ನ ತಂಗೀನ ಬಿಡಲೇ!” ಅಂತ ನುಗ್ಗಿದ. ಸಂಘದ ಹುಡುಗರು ಅವನನ್ನ ಬಾಗಿಲಲ್ಲೇ ಕೆಡವಿ ಮುಖಕ್ಕೆ ತುಳಿದ್ರು. ಮೂಗಿಂದ ರಕ್ತ ಕೊಡ ಬಗ್ಗಿಸಿದ ಹಾಗೆ ಬಂತು.

ದಾನೇಶ್ವರಿಯ ಕಾಲು ಬಡಿಯೋದು ನಿಧಾನ ಆಯ್ತು. ಮುಖ ಕಪ್ಪಿಟ್ಟಿತ್ತು.

ಕೌಂಟರ್ ಹಿಂದೆ ಶಟರ್ ಎಳೆಯೋ ಕಂಬಿ ಇತ್ತು, ತುದಿಗೆ ಕೊಕ್ಕೆ ಇರೋ ಕಬ್ಬಿಣದ ಕಂಬಿ. ಅದು ಕೈಗೆ ಬಂದಾಗ ನನಗೆ ಅಪ್ಪನ ಮಾತು ನೆನಪಿತ್ತು. ನೆನಪಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ನನ್ನ ಕುರ್ಚಿ ಕಣ್ಣ ಮುಂದೆ ಬಂತು, ಅಡುಗೆಮನೆ ಮೂಲೇನೂ ಬಂತು. ಎರಡು ಕೈಲಿ ಎತ್ತಿ ನನ್ನ ತಮ್ಮನ ತಲೆಗೆ ಹೊಡೆದೆ. ಒಂದೇಟಿಗೆ ಅವನು ವೈರು ಬಿಡಲಿಲ್ಲ. ಇನ್ನೊಂದು ಹೊಡೆದೆ. ಕಿವಿ ಮೇಲೆ ಚರ್ಮ ಹರಿದು ಬಾಯಿ ಬಿಡ್ತು. ವೈರು ಬಿಟ್ಟು ತಲೆ ಹಿಡ್ಕೊಂಡು ಕುಸಿದ. ನನ್ನ ಟೈಲ್ಸ್ ಮೇಲೆ ಅವನ ರಕ್ತ ಹರೀತು. ದಾನೇಶ್ವರಿ ಕೆಮ್ಮಿದ್ಲು. ಉಸಿರು ಬಂತು. ಆ ಕೆಮ್ಮಿಗಿಂತ ಸಿಹಿಯಾದ ಸದ್ದು ನಾನು ಕೇಳಿಲ್ಲ.

ಯಾರೋ ಓಡಿಹೋಗಿ ಹೇಳಿರಬೇಕು, ಅಪ್ಪ ಬಂದ. ಹಿಂದೆ ಅರ್ಧ ಬೀದಿ ಬಂತು. ಬಾಗಿಲಲ್ಲಿ ನಿಂತು ಎಲ್ಲಾ ನೋಡಿದ. ಮಗ ರಕ್ತದಲ್ಲಿ ಕೂತಿದ್ದ. ಸಿದ್ರಾಮ ಮೂಗು ಒತ್ತಿ ಹಿಡಿದು ತಂಗಿಯ ಪಕ್ಕ ಕೂತಿದ್ದ. ನಾನು ಕಂಬಿ ಹಿಡಿದು ನಿಂತಿದ್ದೆ, ಕೊಕ್ಕೆಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

ಅಪ್ಪ ನನ್ನ ಹತ್ರ ಬಂದ. ಮಗುವಿನ ಕೈಯಿಂದ ಕುಡುಗೋಲು ಬಿಡಿಸೋ ಹಾಗೆ ಮೆಲ್ಲಗೆ ಕಂಬಿ ಬಿಡಿಸ್ಕೊಂಡ. ನಾಲ್ಕು ಹೆಜ್ಜೆ ನಡೆದು ಅದನ್ನ ಸಿದ್ರಾಮನ ಕಾಲ ಹತ್ರ ಹಾಕ್ದ. ಆಮೇಲೆ ಬೀದಿಗೆಲ್ಲಾ ಕೇಳಿಸೋ ಹಾಗೆ ಕೇಳಿದ, “ಯಾರ್ಲಾ ಒಡ್ದಿದ್ದು ನನ್ ಮಗನ್ನ?”

ಲೋಕೇಶ ಒಂದು ಕ್ಷಣ ನನ್ನ ನೋಡಿದ. ಅಕ್ಕನ ಕೈಲಿ ಏಟು ತಿಂದೆ ಅಂತ ಯಾವ ಅಧ್ಯಕ್ಷ ಹೇಳ್ತಾನೆ? “ಅವ್ನೇ ಅಪ್ಪ. ಸಿದ್ರಾಮ. ಕಂಬಿ ತಗೊಂಡ್ ಬಂದ” ಅಂದ. ಹುಡುಗರೆಲ್ಲಾ “ಊಂ ಗೌಡ್ರೇ, ನಾವೇ ನೋಡಿದ್ವಿ” ಅಂದ್ರು.

ಸಿದ್ರಾಮ ಕೈಮುಗಿದ. “ಇಲ್ರೀ ಯಜಮಾನ್ರ. ನಾ ಮುಟ್ಟಿಲ್ರಿ. ದೇವರಾಣಿ.”

“ಪೊಲೀಸ್ನೋರ್ಗೆ ಹೇಳ್ವಂತೆ. ಕೊಲೆ ಮಾಡಕ್ ಬಂದಿದ್ದ ಅಂತ ಬರಸ್ತೀನಿ. ಒಳಗ್ ಕೊಳೀತೀಯ” ಅಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿದ. “ನಮ್ಮನೆಯೋರ್ ಯಾರೂ ಕೈ ಎತ್ತಿಲ್ಲ. ಅಂಗ್ಡಿದೇನೂ ತಪ್ಪಿಲ್ಲ. ಏನವ್ವಾ ಶೋಭಾ?”

ಅರ್ಥ ಆಯ್ತು ನನಗೆ. ತಲೆ ಆಡಿಸಿದ್ರೆ ಸಾಕು. ಮಾತೂ ಬೇಡ. ನಾಳೆ ಬೆಳಿಗ್ಗೆ ನನ್ನ ಕುರ್ಚಿ ನನಗೆ. ದಾನೇಶ್ವರಿ ನನ್ನೇ ನೋಡ್ತಿದ್ಲು, ಕುತ್ತಿಗೆ ಸುತ್ತ ವೈರಿನ ಬಾಸುಂಡೆ ಎದ್ದಿತ್ತು. ಮಾತಾಡೋಕೆ ಅವಳಿಗೆ ಗಂಟಲಿರಲಿಲ್ಲ.

“ನಾನು ಹೊಡೆದಿದ್ದು” ಅಂದೆ.

“ಶೋಭಾ.”

“ಎರಡೇಟು ಹೊಡೆದೆ ಅಪ್ಪ. ನಿನ್ನ ಮಗ ಆ ಹುಡುಗೀನ ಸಾಯಿಸ್ತಿದ್ದ, ಅದಕ್ಕೆ ಹೊಡೆದೆ. ಪೊಲೀಸ್ನೋರು ಬರ್ಲಿ, ಇದೇ ಹೇಳ್ತೀನಿ. ಅವನು ವೈರು ಬಿಡದೇ ಇದ್ದಿದ್ರೆ ಮೂರನೇದೂ ಬೀಳ್ತಿತ್ತು.” ನನ್ನ ಧ್ವನಿ ಬೀದಿ ಆ ತುದಿವರೆಗೂ ಹೋಯ್ತು. ವಿಡಿಯೋ ಹುಡುಗ ಮೆಲ್ಲಗೆ ಫೋನ್ ಜೇಬಿಗೆ ಹಾಕ್ಕೊಂಡ.

ಪೊಲೀಸ್ ಬರಲಿಲ್ಲ. ಮಗಳ ಹೆಸರು ಬಂದ್ಮೇಲೆ ಅಪ್ಪ ಯಾರನ್ನ ಕರೆಸ್ತಾನೆ? ಲೋಕೇಶನ್ನ ಹುಡುಗರು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಸಿದ್ರಾಮ ತಂಗೀನ ಎಬ್ಬಿಸಿಕೊಂಡು ಮೇಲೆ ಹೋಗಿ ಪೆಟ್ಟಿಗೆ ಕಟ್ಟಿದ, ಬೇಗೂರಲ್ಲಿ ಅವರೂರಿನವರ ರೂಮಿದೆಯಂತೆ. ಹೋಗುವಾಗ ಆ ಹುಡುಗಿ ನನ್ನ ಎರಡೂ ಕೈ ಒತ್ತಿ ಹಿಡಿದ್ಲು. ಬೀದಿ ಖಾಲಿಯಾಯ್ತು. ನಾನೂ ಅಪ್ಪನೂ ಇಬ್ಬರೇ ಉಳಿದ್ವಿ.

“ಸುಮ್ಕಿದ್ದಿದ್ರೆ ಆಗ್ತಿತ್ತಲ್ಲವ್ವ” ಅಂದ. “ನಿನ್ ಅಂಗ್ಡಿ ಉಳೀಲಿ ಅಂತ ತಾನೇ ನಾನು ಅಂಗ್ ಮಾಡಿದ್ದು.”

ನಮ್ಮಪ್ಪ ನನಗೋಸ್ಕರ ಜನ್ಮದಲ್ಲಿ ಮೊದಲನೇ ಸಲ ಒಂದು ಕೆಲಸ ಮಾಡಿದ್ದ, ಅದೂ ಇಂಥದ್ದು.

ಅವನು ಶಟರಿಗೆ ಕೈ ಹಾಕ್ದ. ಎಳೆಯೋಕಾಗಲಿಲ್ಲ. “ಬಿಡಪ್ಪ, ನಾನೇ ಎಳೀತೀನಿ” ಅಂದೆ. ಎಳೆದು ಬೀಗ ಹಾಕಿ ಕೀ ಅವನ ಕೈಗೆ ಕೊಟ್ಟು ಮನೆಗೆ ನಡೆದೆ. ಅಮ್ಮ ಈರುಳ್ಳಿ ತಟ್ಟೆ ನನ್ನ ಮುಂದೆ ಇಟ್ಲು. ಹೆಚ್ಚೋಕೆ ಕೂತೆ.